ಮತ್ಸ್ಯನ್ಯಾಯವೂ ಹ್ಯೂಮ್ ಸಾಹೇಬನೂ: ದೊಡ್ಡ ಮೀನಿನ ಊಟ ಅಷ್ಟು ಸುಲಭದ್ದಲ್ಲ

2024ರ ನವೆಂಬರ್. ಶಿಗ್ಗಾವಿ ಉಪಚುನಾವಣೆಯ ಪ್ರಚಾರ ಜೋರಾಗಿತ್ತು. ನಾನು ಹಾನಗಲ್ಲಿನವನು. ಮೂರು ವರ್ಷದ ಹಿಂದೆ, 2021ರಲ್ಲಿ, ನಮ್ಮೂರಿಗೂ ಇಂಥದ್ದೇ ಒಂದು ಉಪಚುನಾವಣೆ ಬಂದು ಹೋಗಿತ್ತು. ಪಕ್ಕದ ಕ್ಷೇತ್ರದ ಗಾಳಿ ಯಾವ ಕಡೆ ಬೀಸ್ತಿದೆ ನೋಡೋಣ ಅಂತ ಗೆಳೆಯನ ಬೈಕ್ ಹತ್ತಿ ಹೋಗಿದ್ದೆ. ಚಾದಂಗಡಿಯಲ್ಲಿ ಕೂತಾಗ ಎರಡು ಮಾತು ಕಿವಿಗೆ ಬಿತ್ತು.

ಒಂದು, ನನ್ನ ವಯಸ್ಸಿನ ಹುಡುಗನೊಬ್ಬ ಮೊಬೈಲ್ ತೋರಿಸುತ್ತಾ ಹೇಳಿದ್ದು. ಕಾಂಗ್ರೆಸ್ ಕಟ್ಟಿದ್ದೇ ಒಬ್ಬ ಬ್ರಿಟಿಷ್ ಅಧಿಕಾರಿ, ನಮ್ಮ ಜನರ ಸಿಟ್ಟು ತಣ್ಣಗಾಗಲಿ ಅಂತ ಮಾಡಿದ ಕಳ್ಳಾಟ ಅದು, ಅಂತ. ಇನ್ನೊಂದು, ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಹೇಳಿದ್ದು. ಯಾವ ಪಾರ್ಟಿ ಬಂದರೂ ಅಷ್ಟೇ ತಮ್ಮಾ, ದೊಡ್ಡ ಮೀನು ಸಣ್ಣ ಮೀನನ್ನ ತಿಂತದ, ಅದು ಪ್ರಕೃತಿ ನಿಯಮ, ಯಾರೂ ಬದಲು ಮಾಡಾಕ ಆಗೂದಿಲ್ಲ, ಅಂತ. ಎಲ್ಲರೂ ಹೌದೌದು ಅಂದರು. ನಾನೂ ತಲೆ ಆಡಿಸಿದೆ. ಚಾ ಮುಗಿಸಿ ಬಂದೆವು.

ಆದರೆ ಆ ಎರಡೂ ಮಾತು ತಲೆಯಲ್ಲಿ ಉಳಿದವು. ಮುಂದಿನ ಕೆಲವು ತಿಂಗಳು ಬಿಡುವಾದಾಗಲೆಲ್ಲ ಓದಿದೆ. ಓದುತ್ತಾ ಹೋದ ಹಾಗೆ ಒಂದು ವಿಚಿತ್ರ ಗೊತ್ತಾಯಿತು. ಆ ಹುಡುಗ ಹೇಳಿದ ಬ್ರಿಟಿಷ್ ಅಧಿಕಾರಿ, ಅಂದರೆ ಅಲನ್ ಆಕ್ಟೇವಿಯನ್ ಹ್ಯೂಮ್, 1875ರಲ್ಲಿ ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೋಗಿದ್ದ. ಹಿರಿಯರು ಹೇಳಿದ ದೊಡ್ಡ ಮೀನು ಸಣ್ಣ ಮೀನನ್ನ ತಿನ್ನುವ ಆಟ ದಿನಾ ನಡೆಯುವ ಕಡಲು ಅದು. ಹಾಗಾಗಿ ಈ ಮನುಷ್ಯನ ಬದುಕನ್ನೂ ಆ ಮೀನಿನ ಊಟವನ್ನೂ ಒಟ್ಟಿಗೆ ಹೇಳುತ್ತೇನೆ. ಚಾದಂಗಡಿಯಲ್ಲಿ ಕೊಡಲಾಗದ ಉತ್ತರ ಇದು ಅಂತ ಇಟ್ಟುಕೊಳ್ಳಿ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕೂ ತಾಲೂಕಿಗೆ ಸಮುದ್ರ ಇಲ್ಲ. ನಮ್ಮದು ಕೆರೆ, ವರದಾ ಹೊಳೆ, ಭತ್ತ, ಗೋವಿನಜೋಳ. ಆದರೂ ಕಡಲು ನಮಗೆ ಬಹಳ ದೂರದ್ದೇನಲ್ಲ. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಆ ಕಡೆಯಿಂದ ಐಸ್ ಹಾಕಿದ ಬಂಗಡೆ, ತಾರ್ಲೆ ನಮ್ಮ ಪೇಟೆಗೆ ಬರುತ್ತವೆ. ಐಸ್ ಇಲ್ಲದ ಕಾಲದಲ್ಲಿ ಸಂತೆಗೆ ಬರುತ್ತಿದ್ದದ್ದು ಉಪ್ಪು ಹಾಕಿದ ಒಣಮೀನು. ಸವಣೂರಿನ ದೊಡ್ಡಹುಣಸೆ ಮಠದ ಆ ಮೂರು ಭಾರೀ ಮರಗಳಿವೆಯಲ್ಲ, ಅವು ಹುಣಸೆಯೇ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಕಡಲು ದಾಟದೆ ಆ ಮರ ಇಲ್ಲಿಗೆ ಬರುವ ದಾರಿಯೇ ಇಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅನ್ನೋ ಗಾದೆ ನಮ್ಮಲ್ಲೂ ಆಡುತ್ತಾರೆ. ಈ ಕಥೆಯಲ್ಲಿ ಉಪ್ಪೂ ಬರುತ್ತದೆ.

ಹ್ಯೂಮ್ ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನಲ್ಲಿ. ಅಪ್ಪ ಜೋಸೆಫ್ ಹ್ಯೂಮ್ ಅಲ್ಲಿನ ಪಾರ್ಲಿಮೆಂಟಿನಲ್ಲಿ ತೀವ್ರ ಸುಧಾರಣಾವಾದಿ, ಸರ್ಕಾರದ ದುಂದುವೆಚ್ಚವನ್ನು ಲೆಕ್ಕ ಹಿಡಿದು ಕೇಳುತ್ತಿದ್ದವನು. ಮಗ ಈಸ್ಟ್ ಇಂಡಿಯಾ ಕಂಪನಿಯ ಹೇಲಿಬರಿ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ವೈದ್ಯಕೀಯವನ್ನೂ ಕಲಿತು, 1849ರಲ್ಲಿ ಬಂಗಾಳ ಸಿವಿಲ್ ಸರ್ವಿಸ್ ಸೇರಿದ. 1856ರಲ್ಲಿ ಈಗಿನ ಉತ್ತರಪ್ರದೇಶದ ಇಟಾವಾ ಜಿಲ್ಲೆಯ ಅಧಿಕಾರಿಯಾದ.

ಮರುವರ್ಷವೇ 1857ರ ಬಂಡಾಯ. ಹ್ಯೂಮ್ ಬಂದೂಕು ಹಿಡಿದು ಬಂಡಾಯಗಾರರ ವಿರುದ್ಧ ಕಾದಿದ, ಅದಕ್ಕೆ ಬಿರುದನ್ನೂ ಪಡೆದ. ಇದನ್ನ ಮುಚ್ಚಿಟ್ಟು ಅವನನ್ನ ಹೊಗಳಬಾರದು. ಆದರೆ ಅದೇ ಮನುಷ್ಯ ಇಟಾವಾದಲ್ಲಿ ಜನರ ನೆರವಿನಿಂದ ನೂರಕ್ಕೂ ಹೆಚ್ಚು ಉಚಿತ ಶಾಲೆ ತೆರೆಸಿದ್ದ. ಹೆಂಡದ ಆದಾಯದ ಮೇಲೆ ಸರ್ಕಾರ ಬದುಕುವುದು ತಪ್ಪು ಅಂತ ಮೇಲಧಿಕಾರಿಗಳಿಗೆ ಬರೆಯುತ್ತಿದ್ದ. 1859ರಲ್ಲಿ ಜನರಿಗಾಗಿ ಒಂದು ದೇಶಭಾಷೆಯ ಪತ್ರಿಕೆ ಶುರು ಮಾಡಲು ನೆರವಾದ. ಬಂಡಾಯ ಯಾಕಾಯಿತು ಅನ್ನೋ ಪ್ರಶ್ನೆಗೆ ಆಡಳಿತದ ತಪ್ಪುಗಳ ಕಡೆ ಬೆರಳು ತೋರಿಸಿದ.

ಮುಂದಿನ ಹುದ್ದೆ ನೋಡ್ರಿ. 1867ರಲ್ಲಿ ಅವನು ಒಳನಾಡು ಸುಂಕದ ಕಮಿಷನರ್. ಉಪ್ಪಿನ ಮೇಲೆ ತೆರಿಗೆ ವಸೂಲಿ ಮಾಡೋದಕ್ಕೆ ಬ್ರಿಟಿಷರು ಸಿಂಧೂ ಕಡೆಯಿಂದ ಒಡಿಶಾದವರೆಗೆ ದೇಶದ ಎದೆಯ ಮೇಲೆ ಒಂದು ಗಡಿರೇಖೆ ಎಳೆದಿದ್ದರು. ಉದ್ದ ಸುಮಾರು 4,000 ಕಿಲೋಮೀಟರ್. ಕಾವಲಿಗೆ ಹತ್ತಿರ ಹತ್ತಿರ 12,000 ಮಂದಿ. ಆ ರೇಖೆಯುದ್ದಕ್ಕೂ ಜಾಲಿ, ಬೋರೆ, ಕಳ್ಳಿ ನೆಟ್ಟು ಬೆಳೆಸಿದ ಮುಳ್ಳಿನ ಬೇಲಿ. ಒಣಮುಳ್ಳಿನ ಬೇಲಿಯನ್ನು ಗೆದ್ದಲು, ಬೆಂಕಿ ತಿಂದುಹಾಕುತ್ತವೆ, ಜೀವಂತ ಬೇಲಿಯೇ ಬೇಕು ಅಂತ ಅದನ್ನು ಬೆಳೆಸಲು ಹಟ ಹಿಡಿದವನು ನಮ್ಮ ಹ್ಯೂಮೇ. ಗಿಡಮರದ ಜ್ಞಾನ ಚೆನ್ನಾಗಿತ್ತು. ಆ ಜ್ಞಾನ ಬಡವನ ಗಂಜಿಯ ಉಪ್ಪಿಗೆ ಸುಂಕ ಹಾಕುವ ಕೆಲಸಕ್ಕೆ ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತೀವಲ್ಲ, ಇಲ್ಲಿ ಅಕ್ಷರಶಃ ಬೇಲಿಯೇ ಮೇಯುತ್ತಿತ್ತು.

ಉಪ್ಪಿನ ಸುಂಕ ಊಟದ ತಟ್ಟೆಗೆ ಅಷ್ಟೇ ಅಲ್ಲ, ಮೀನಿಗೂ ತಟ್ಟಿತು. ಮೀನು ಹಿಡಿದ ಮೇಲೆ ಉಪ್ಪು ಹಾಕಿ ಒಣಗಿಸದಿದ್ದರೆ ಅದು ಒಂದೇ ದಿನದ ಮಾಲು. ಉಪ್ಪು ತುಟ್ಟಿಯಾದರೆ ಕರಾವಳಿಯ ಮೊಗವೀರ, ಖಾರ್ವಿ, ಹರಿಕಂತ್ರರು ಕಮ್ಮಿ ಉಪ್ಪು ಹಾಕುತ್ತಾರೆ, ಮೀನು ಕೊಳೆಯುತ್ತದೆ, ಒಳನಾಡಿನ ಸಂತೆಗೆ ಬರೋದು ಅರ್ಧ ಹಾಳಾದ ಒಣಮೀನು. 1870ರ ದಶಕದಲ್ಲಿ ಭಾರತದ ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದ ಫ್ರಾನ್ಸಿಸ್ ಡೇ ಈ ಮಾತನ್ನ ಸರ್ಕಾರದ ಮುಂದಿಟ್ಟ. ಮದ್ರಾಸ್ ಪ್ರಾಂತ್ಯದ ಪಶ್ಚಿಮ ಕರಾವಳಿಯಲ್ಲಿ ಸುಂಕವಿಲ್ಲದ ಉಪ್ಪಿನ ಮೀನು-ಸಂಸ್ಕರಣಾ ಅಂಗಳಗಳು ಶುರುವಾದದ್ದು ಅದರ ನಂತರ.

1871ರಲ್ಲಿ ವೈಸರಾಯ್ ಲಾರ್ಡ್ ಮೇಯೋ ಕೃಷಿ, ಕಂದಾಯ ಮತ್ತು ವಾಣಿಜ್ಯ ಇಲಾಖೆ ತೆರೆದಾಗ ಹ್ಯೂಮ್ ಅದರ ಕಾರ್ಯದರ್ಶಿ. ರೈತನ ಹೊಲ ಸುಧಾರಿಸುವ ಇಲಾಖೆ ಬೇಕು ಅನ್ನೋದು ಅವನ ಆಸೆ. ಆಗಿದ್ದು ಕಂದಾಯ ಎಣಿಸುವ ಇಲಾಖೆ. ಈ ಸಿಟ್ಟು ಅವನೊಳಗೆ ಬೆಳೆಯುತ್ತಲೇ ಇತ್ತು.

ಇಷ್ಟರ ನಡುವೆ ಅವನಿಗೆ ಇನ್ನೊಂದು ಹುಚ್ಚು. ಹಕ್ಕಿ. ದೇಶದ ತುಂಬಾ ಜನ ಇಟ್ಟು ಹಕ್ಕಿ ಹೊಡೆಸಿ, ಚರ್ಮ ಬಿಡಿಸಿ, ಮೊಟ್ಟೆ ತರಿಸಿ ಶಿಮ್ಲಾದ ತನ್ನ ಬಂಗಲೆಯಲ್ಲಿ ಜೋಡಿಸುತ್ತಿದ್ದ. 1872ರಿಂದ ಹಕ್ಕಿಗಳಿಗೇ ಮೀಸಲಾದ ಒಂದು ಪತ್ರಿಕೆ ಹೊರಡಿಸಿದ. 1873ರಲ್ಲಿ ಅಂಡಮಾನ್, ನಿಕೋಬಾರ್ ಸುತ್ತಿದ. 1875ರಲ್ಲಿ ಕ್ಲೈಡ್ ಅನ್ನೋ ಸರ್ಕಾರಿ ಸರ್ವೇ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೊರಟ. ಕಾಗದದ ಮೇಲಿನ ಕಾರಣ ಲೈಟ್‌ಹೌಸಿಗೆ ಜಾಗ ನೋಡೋದು. ಜೊತೆಗೆ ದ್ವೀಪಗಳಿಗೂ ನಮ್ಮ ನೆಲಕ್ಕೂ ನಡುವೆ ಕಡಲ ತಳ ಎಷ್ಟು ಆಳ ಇದೆ ಅಂತ ಅಳತೆ ತೆಗೆಯೋದು. ಮನಸ್ಸಿನ ಕಾರಣ ಹಕ್ಕಿ.

ಆ ದ್ವೀಪಗಳಿಗೂ ಕನ್ನಡ ನಾಡಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮಿನದೀವಿ ಗುಂಪು ಆಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1780ರ ದಶಕದಲ್ಲಿ ಅಲ್ಲಿನ ಜನ ಕಣ್ಣೂರಿನ ಅರಕ್ಕಲ್ ಬೀಬಿಯ ಆಡಳಿತ ಬೇಡ ಅಂತ ಟಿಪ್ಪು ಸುಲ್ತಾನನ ಬಳಿ ಬಂದಿದ್ದರು, ಟಿಪ್ಪು ಅವನ್ನ ತನ್ನ ಆಡಳಿತಕ್ಕೆ ತೆಗೆದುಕೊಂಡ. ಅದೇ ದಶಕದಲ್ಲಿ, 1786ರಲ್ಲಿ, ಅದೇ ಟಿಪ್ಪುವಿನ ಸೇನೆ ನಮ್ಮ ಸವಣೂರಿಗೂ ನುಗ್ಗಿತ್ತು. 1799ರ ನಂತರ ಆ ದ್ವೀಪಗಳು ಕಂಪನಿಗೆ ಸೇರಿ ಮಂಗಳೂರಿನಿಂದ ಆಳಿಸಿಕೊಂಡವು. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾದ ದಿನವೇ ಅವು ಕೇಂದ್ರಾಡಳಿತಕ್ಕೆ ಹೋದವು.

ಹ್ಯೂಮ್ ಹೋದಾಗ ಅಮಿನದೀವಿಯ ಜನ ತಾವು ಹೊಸೆದ ತೆಂಗಿನ ನಾರನ್ನ ಸರ್ಕಾರಕ್ಕೇ ಕೊಡಬೇಕಿತ್ತು. ಬೇರೆಯವರಿಗೆ ಮಾರೋ ಹಾಗಿಲ್ಲ. ಬದಲಿಗೆ ಸರ್ಕಾರ ಗೊತ್ತು ಮಾಡಿದ ದರಕ್ಕೆ ಅಕ್ಕಿ. ಅಂದರೆ ದ್ವೀಪದ ಮೇಲೆ ಒಂದು ದೊಡ್ಡ ಮೀನು ಕೂತಿತ್ತು, ಅದರ ಹೆಸರು ಸರ್ಕಾರ. ನಮ್ಮ ಹಳೇ ಗ್ರಂಥಗಳು ಮತ್ಸ್ಯನ್ಯಾಯ ಅಂತ ಹೇಳೋದು ಇದರ ತಲೆಕೆಳಗು. ದಂಡ ಹಿಡಿದ ರಾಜ ಇಲ್ಲದಿದ್ದರೆ ಬಲವಂತ ಬಡವನನ್ನ ಮೀನಿನ ಹಾಗೆ ನುಂಗುತ್ತಾನೆ, ಅದಕ್ಕೇ ರಾಜ ಬೇಕು ಅಂತ ಅರ್ಥಶಾಸ್ತ್ರ, ಮಹಾಭಾರತದ ಶಾಂತಿಪರ್ವ ಎರಡೂ ಹೇಳುತ್ತವೆ. ರಾಜನೇ ನುಂಗಲು ಕೂತರೆ ಏನು ಮಾಡಬೇಕು ಅನ್ನೋದು ಹ್ಯೂಮ್ ಬದುಕಿನ ಮುಂದಿನ ಪ್ರಶ್ನೆಯಾಯಿತು.

ಈಗ ಮೀನಿನ ಕಡೆ ಬರೋಣ. ಚಾದಂಗಡಿಯ ಹಿರಿಯರ ಮಾತನ್ನ ನಾನು ಮೊದಲು ಅನುಮಾನಿಸಿದ್ದು ಮುರುಡೇಶ್ವರದಲ್ಲಿ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ ಇದೆ, ಸುತ್ತ ಹವಳ. ದೋಣಿಯಲ್ಲಿ ಹೋಗುವಾಗ ದೂರದಲ್ಲಿ ಬಿಳಿ ಹಕ್ಕಿಗಳ ಗುಂಪೊಂದು ನೀರಿಗೆ ಎರಗಿ ಏಳುತ್ತಿತ್ತು. ರೀವ ಹಕ್ಕಿ, ಹಕ್ಕಿ ನೋಡೋರು ಟರ್ನ್ ಅಂತಾರೆ. ನಾನು ಹಕ್ಕಿ ನೋಡಿದೆ. ದೋಣಿಯ ತಾಂಡೇಲರು ಹಕ್ಕಿಯ ಕೆಳಗೆ ನೋಡಿದರು. ಅಲ್ಲಿ ಕೇದರ ಎದ್ದಿದೆ ಅಂದರು. ಕೇದರ ಅಂದರೆ ನಾವು ಟ್ಯೂನಾ ಅನ್ನೋ ಮೀನು. ನೀರು ಕುದಿಯುವ ಎಸರಿನ ಹಾಗೆ ಕಂಡಿತು. ಐದು ನಿಮಿಷ ಇರಬಹುದು. ಆಮೇಲೆ ಏನೂ ನಡೆದೇ ಇಲ್ಲವೇನೋ ಅನ್ನೋ ಹಾಗೆ ಕಡಲು ಸುಮ್ಮನಾಯಿತು.

ಆ ಐದು ನಿಮಿಷದಲ್ಲಿ ಏನಾಗುತ್ತದೆ? ಉಷ್ಣವಲಯದ ತೆರೆದ ಕಡಲು ನೋಡಲು ನೀಲಿ, ಒಳಗೆ ಬಡತನ. ಬಿಸಿಯಾದ ಮೇಲ್ನೀರಿನಲ್ಲಿ ಪೋಷಕಾಂಶ ಕಮ್ಮಿ, ಹಾಗಾಗಿ ತಿನ್ನೋದಕ್ಕೂ ಕಮ್ಮಿ. ದ್ವೀಪ ಇರುವಲ್ಲಿ ಮಾತ್ರ ಪ್ರವಾಹ ದ್ವೀಪದ ಇಳಿಜಾರಿಗೆ ಬಡಿದು ಆಳದ ನೀರನ್ನ ಮೇಲೆತ್ತುತ್ತದೆ. ಅದರ ಜೊತೆ ಪೋಷಕಾಂಶ ಬರುತ್ತದೆ, ಅದನ್ನ ಉಂಡು ಸೂಕ್ಷ್ಮಜೀವಿ, ಅದನ್ನ ತಿನ್ನಲು ಸಣ್ಣ ಮೀನು, ಸಣ್ಣ ಮೀನಿಗಾಗಿ ದೊಡ್ಡದು. ಲಕ್ಷದ್ವೀಪದ ಸುತ್ತ ಹೆಚ್ಚಾಗಿ ಸಿಗುವ ಸ್ಕಿಪ್‌ಜಾಕ್ ಟ್ಯೂನಾಗೆ ಈಜುವುದನ್ನು ನಿಲ್ಲಿಸಲು ಬರೋದಿಲ್ಲ. ಅದಕ್ಕೆ ಗಾಳಿಚೀಲ ಇಲ್ಲ, ನಿಂತರೆ ಮುಳುಗುತ್ತದೆ, ಕಿವಿರಿಗೆ ನೀರು ಹಾಯಲೂ ಓಡುತ್ತಲೇ ಇರಬೇಕು. ಮೈಯನ್ನ ಸುತ್ತಲ ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುವ ವ್ಯವಸ್ಥೆಯೂ ಅದಕ್ಕಿದೆ. ಇಷ್ಟಕ್ಕೆಲ್ಲ ಉರುವಲು ಬೇಕು. ಬಲಶಾಲಿ ಅಂತ ನಾವು ಅಂದುಕೊಂಡ ಆ ಮೀನು ಹಗಲಿಡೀ ಹಸಿವಿನಿಂದ ಅಲೆಯುತ್ತಿರುತ್ತದೆ.

ಸಿಕ್ಕಿದ್ದನ್ನ ತಿನ್ನುತ್ತದೆ. ಸಣ್ಣ ಮೀನು, ಕಣವೆ, ಸಿಗಡಿ ಜಾತಿಯ ಮರಿಗಳು, ಕೆಲವೊಮ್ಮೆ ತನ್ನದೇ ಜಾತಿಯ ಮರಿ. ಆದರೆ ಸಣ್ಣ ಮೀನಿನ ದಂಡಿನೊಳಗೆ ಸುಮ್ಮನೆ ನುಗ್ಗಿ ಬಾಯಿ ತೆರೆದರೆ ಹೊಟ್ಟೆ ತುಂಬೋದಿಲ್ಲ. ಸಾವಿರಾರು ಮೀನು ಒಟ್ಟಿಗೆ ತಿರುಗಿ, ಒಟ್ಟಿಗೆ ಹೊಳೆದು, ಒಟ್ಟಿಗೆ ಜಾಗ ಬದಲಿಸಿದರೆ ಬೇಟೆಗಾರನ ಕಣ್ಣು ಒಂದರ ಮೇಲೆ ನಿಲ್ಲೋದಿಲ್ಲ. ಒಂದನ್ನ ಗುರಿ ಇಟ್ಟು ಬೇರೆ ಮಾಡಿದರೇ ಊಟ. ಹಾಗಾಗಿ ಟ್ಯೂನಾಗಳೂ ಗುಂಪಾಗಿ ಬರುತ್ತವೆ. ಕೆಳಗಿನಿಂದ, ಪಕ್ಕದಿಂದ ಒತ್ತುತ್ತಾ ಸಣ್ಣ ಮೀನುಗಳನ್ನ ಮೇಲ್ಮೈಗೆ ತಳ್ಳುತ್ತವೆ. ಅಲ್ಲಿಂದ ಮೇಲೆ ದಾರಿ ಇಲ್ಲ. ದಿಕ್ಕು ತಪ್ಪಿದ ಒಂದೆರಡು ಗುಂಪು ಬಿಟ್ಟು ಚದುರಿದರೆ ಅವೇ ಮೊದಲ ತುತ್ತು.

ಮೇಲೆ ರೀವ ಹಕ್ಕಿ ಕಾಯುತ್ತಿರುತ್ತದೆ. ಉಷ್ಣವಲಯದ ಎಷ್ಟೋ ಕಡಲಹಕ್ಕಿಗಳಿಗೆ ಆಳಕ್ಕೆ ಮುಳುಗಲು ಬರೋದಿಲ್ಲ. ನೀರಿನ ಮೇಲ್ಪದರದಲ್ಲಿ ಕೊಕ್ಕಿಗೆ ಸಿಕ್ಕಿದ್ದಷ್ಟೇ ಊಟ. ಕೆಳಗಿಂದ ಟ್ಯೂನಾ ತಳ್ಳದಿದ್ದರೆ ಅವುಗಳ ಮರಿ ಉಪವಾಸ. ಹ್ಯೂಮ್ ಶಿಮ್ಲಾಕ್ಕೆ ಒಯ್ದು ಚೀಟಿ ಅಂಟಿಸಿದ ಕಡಲಹಕ್ಕಿಗಳ ಹೊಟ್ಟೆಪಾಡು ನೀರಿನ ಕೆಳಗಿನ ಆ ಮೀನಿನ ಹೊಟ್ಟೆಪಾಡಿಗೆ ಗಂಟು ಹಾಕಿಕೊಂಡಿತ್ತು. ಲೆಕ್ಕ ಒಂದೇ ಕಡೆಯದೂ ಅಲ್ಲ. ಸೆಶೆಲ್ಸ್ ದೇಶದ ಫರ್ಕುಹಾರ್ ಹವಳದ್ವೀಪದಲ್ಲಿ ದೈತ್ಯ ಟ್ರೆವಲಿ ಅನ್ನೋ ಮೀನು ನೀರಿನಿಂದ ಹಾರಿ, ರೆಕ್ಕೆ ಬಲಿಯದ ರೀವ ಮರಿಗಳನ್ನ ಗಾಳಿಯಲ್ಲೇ ಹಿಡಿಯುವುದನ್ನ 2017ರಲ್ಲಿ ಟಿವಿ ಸರಣಿಯೊಂದು ಜಗತ್ತಿಗೆಲ್ಲ ತೋರಿಸಿತು. ಹವಳದ ಸಂದಿಗಳಲ್ಲಿ ಇನ್ನೊಂದು ಲೋಕ. ಕೆಂಪು ಸಮುದ್ರದಲ್ಲಿ ಗ್ರೂಪರ್ ಮೀನು ತಲೆ ಅಲ್ಲಾಡಿಸಿ ಹಾವುಮೀನನ್ನ ಬೇಟೆಗೆ ಕರೆಯುತ್ತದೆ ಅಂತ 2006ರಲ್ಲಿ ವಿಜ್ಞಾನಿಗಳು ದಾಖಲಿಸಿದರು. ಒಂದು ಬಯಲಲ್ಲಿ ಅಟ್ಟುತ್ತದೆ, ಇನ್ನೊಂದು ಸಂದಿಯೊಳಗೆ ನುಗ್ಗುತ್ತದೆ.

ದೊಡ್ಡದು ಸಣ್ಣದನ್ನ ತಿನ್ನೋದು ನಿಜ. ಆದರೆ ಆ ಊಟಕ್ಕೆ ಒಗ್ಗಟ್ಟು ಬೇಕು, ಲೆಕ್ಕಾಚಾರ ಬೇಕು, ಎದುರಿನವರು ಚದುರಬೇಕು. ಸಣ್ಣ ಮೀನು ಗುಂಪಾಗಿ ಇರುವಷ್ಟು ಹೊತ್ತು ದೊಡ್ಡ ಮೀನು ಬೆವರು ಹರಿಸಬೇಕು. ಮತ್ತೆ ಆ ದೊಡ್ಡ ಮೀನಿನ ಹಿಂದೆ ಇನ್ನೂ ದೊಡ್ಡ ಮಾರ್ಲಿನ್, ಶಾರ್ಕ್ ಇರುತ್ತವೆ.

ಹ್ಯೂಮ್ ಕಥೆಗೆ ವಾಪಸ್ ಬರೋಣ. ಲಕ್ಷದ್ವೀಪದಿಂದ ಬಂದ ನಾಲ್ಕು ವರ್ಷಕ್ಕೆ, 1879ರಲ್ಲಿ, ಅವನ ಇಲಾಖೆಯನ್ನೇ ಮುಚ್ಚಿದರು. ಅವನನ್ನ ಕೆಳಗಿನ ಹುದ್ದೆಗೆ ಅಲಹಾಬಾದಿಗೆ ಅಟ್ಟಿದರು. ಮೇಲಿನವರಿಗೆ ಹಿಡಿಸದ ಮಾತು ಆಡಿದ್ದೇ ತಪ್ಪು. ಅದೇ ವರ್ಷ ಕೃಷಿ ಸುಧಾರಣೆ ಬಗ್ಗೆ ಒಂದು ಪುಸ್ತಿಕೆ ಬರೆದು, ರೈತನ ಸಾಲ, ಬರ, ಕೋರ್ಟುಗಳ ಬಗ್ಗೆ ಸರ್ಕಾರದ ಅಸಡ್ಡೆಯನ್ನ ಎತ್ತಿ ತೋರಿಸಿದ. ಅವನು ಬೆಳೆಸಿದ ಮುಳ್ಳುಬೇಲಿಯ ಸುಂಕರೇಖೆಯನ್ನ ಸರ್ಕಾರ ಕೈಬಿಟ್ಟದ್ದೂ 1879ರಲ್ಲೇ. ಉಪ್ಪಿನ ತೆರಿಗೆ ಮಾತ್ರ ಉಳಿಯಿತು. 1882ರಲ್ಲಿ ಹ್ಯೂಮ್ ನೌಕರಿ ಬಿಟ್ಟ.

ಥಿಯಾಸಫಿಯ ಕಡೆ ವಾಲಿದ, ಮಾಂಸ ಬಿಟ್ಟ, ಸ್ವಲ್ಪ ಕಾಲಕ್ಕೆ ಥಿಯಾಸಫಿಯನ್ನೂ ಬಿಟ್ಟ. ಹಕ್ಕಿಗಳ ಬಗ್ಗೆ ಬರೆಯಬೇಕಿದ್ದ ಮಹಾಗ್ರಂಥದ ಹಸ್ತಪ್ರತಿಗಳನ್ನ ಶಿಮ್ಲಾ ಮನೆಯ ಆಳೊಬ್ಬ ರದ್ದಿಗೆ ಮಾರಿಬಿಟ್ಟ. ವರ್ಷಗಟ್ಟಲೆ ಕೂಡಿಟ್ಟ ಬರಹ ಬಜಾರಿನ ಪಾಲಾಯಿತು. ಆ ಪೆಟ್ಟಿನ ನಂತರ ತನ್ನ ಸಂಗ್ರಹವನ್ನೆಲ್ಲ, ಸುಮಾರು 80,000 ಹಕ್ಕಿಚರ್ಮ ಮತ್ತು ಮೊಟ್ಟೆ, 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಕೈ ಖಾಲಿಯಾಯಿತು, ರಾಜಕೀಯ ತುಂಬಿಕೊಂಡಿತು.

1883ರಲ್ಲೇ ಅವನು ಕಲ್ಕತ್ತಾ ವಿಶ್ವವಿದ್ಯಾಲಯದ ಪದವೀಧರರಿಗೆ ಬಹಿರಂಗ ಪತ್ರ ಬರೆದಿದ್ದ. ಓದಿದ ನೀವೇ ನಿಮ್ಮ ಸುಖ ಬಿಟ್ಟು ದೇಶದ ಕೆಲಸಕ್ಕೆ ಇಳಿಯದಿದ್ದರೆ ಬೇರೆ ಯಾರೂ ನಿಮ್ಮನ್ನ ಎತ್ತೋದಿಲ್ಲ ಅನ್ನೋದು ಅದರ ಸಾರ. 1885ರ ಡಿಸೆಂಬರ್ 28ರಂದು ಬೊಂಬಾಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ 72 ಪ್ರತಿನಿಧಿಗಳು ಸೇರಿದರು. ಅದೇ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಹ್ಯೂಮ್ ಅದರ ಪ್ರಧಾನ ಕಾರ್ಯದರ್ಶಿ. ಲಕ್ಷದ್ವೀಪದ ಮಿನಿಕಾಯ್ ಲೈಟ್‌ಹೌಸಿನ ದೀಪ ಹತ್ತಿದ್ದೂ ಅದೇ 1885ರಲ್ಲಿ.

ಈಗ ಆ ಹುಡುಗನ ಮಾತಿಗೆ ಬರೋಣ. ಹ್ಯೂಮ್ ಕಾಂಗ್ರೆಸ್ಸನ್ನ ಜನರ ಸಿಟ್ಟು ಹೊರಹೋಗುವ ಕವಾಟವಾಗಿ ಕಟ್ಟಿದ ಅನ್ನೋ ವಾದ ಇವತ್ತಿನ ವಾಟ್ಸಾಪಿನದ್ದಲ್ಲ. 1913ರಲ್ಲಿ ವೆಡರ್‌ಬರ್ನ್ ಬರೆದ ಹ್ಯೂಮ್ ಜೀವನಚರಿತ್ರೆಯಿಂದ ಅದು ಬಲ ಪಡೆಯಿತು. ದೇಶದ ಮೂಲೆಮೂಲೆಯಿಂದ ಬಂದ ಗುಪ್ತ ವರದಿಗಳ ಏಳು ಸಂಪುಟ ಓದಿ, ಕೆಳವರ್ಗದ ದಂಗೆ ಹತ್ತಿರ ಬಂದಿದೆ ಅಂತ ಹ್ಯೂಮ್ ಹೆದರಿದ ಅನ್ನೋ ಕಥೆ ಅದರಲ್ಲಿದೆ. 1916ರಲ್ಲಿ ಲಾಲಾ ಲಜಪತರಾಯ್ ಇದನ್ನೇ ಹಿಡಿದು ಮಂದಗಾಮಿಗಳನ್ನ ಟೀಕಿಸಿದರು. ಮುಂದೆ ಎಡಪಂಥೀಯರೂ ಬಲಪಂಥೀಯರೂ ಬೇರೆ ಬೇರೆ ಕಾರಣಕ್ಕೆ ಬಳಸಿದರು. ಬಿಪಿನ್ ಚಂದ್ರರಂಥ ಇತಿಹಾಸಕಾರರು ಆ ಏಳು ಸಂಪುಟಗಳ ಕಥೆ ನಂಬುವಂಥದ್ದಲ್ಲ ಅಂತ ವಾದಿಸಿದರು. ದೇಶದ ನಾನಾ ಕಡೆ ಸಂಘಟನೆಗಳು ಮೊದಲೇ ಹುಟ್ಟಿದ್ದವು, ನಾಯಕರು ಸಿದ್ಧರಿದ್ದರು, ಸರ್ಕಾರದ ಅನುಮಾನ ತಪ್ಪಿಸಲು ನಿವೃತ್ತ ಇಂಗ್ಲಿಷ್ ಅಧಿಕಾರಿಯೊಬ್ಬನ ಹೆಸರು ಉಪಯೋಗಕ್ಕೆ ಬಂತು ಅನ್ನೋದು ಅವರ ವಾದ.

ನನಗೆ ಅನ್ನಿಸೋದು ಇಷ್ಟು. ದಂಗೆಯ ಭಯ ಹ್ಯೂಮ್‌ಗೆ ಇದ್ದದ್ದು ನಿಜ. 1857 ಕಣ್ಣಾರೆ ಕಂಡವನು. ರೈತನ ಹಸಿವು ಒಂದು ದಿನ ಸ್ಫೋಟಿಸುತ್ತದೆ ಅಂತ 1892ರಲ್ಲಿ ಕಾಂಗ್ರೆಸ್ಸಿಗರಿಗೇ ಸುತ್ತೋಲೆ ಬರೆದು ಎಚ್ಚರಿಸಿದ. ಬ್ರಿಟಿಷ್ ಅಧಿಕಾರಿಗಳು ಅದಕ್ಕೆ ಸಿಟ್ಟಾದರು, ಕಾಂಗ್ರೆಸ್ಸಿನ ಎಷ್ಟೋ ಗಣ್ಯರು ಗಾಬರಿಯಾಗಿ ದೂರ ಸರಿದರು. ಸಿಟ್ಟು ತಣಿಸಲಿಕ್ಕಷ್ಟೇ ಬಂದವನಾದರೆ ಸರ್ಕಾರಕ್ಕೆ ಅವನು ಬೇಡವಾಗುತ್ತಿರಲಿಲ್ಲ. ಆದರೆ ಅವನ ಮಿತಿಯೂ ಕಾಣುತ್ತದೆ. ಲಕ್ಷದ್ವೀಪಕ್ಕೆ ಹಕ್ಕಿಗಾಗಿ ಹೋದವನು ರಾಜಕೀಯಕ್ಕೂ ಹಾಗೇ ಬಂದ. ನೀರಿನ ಮೇಲೆ ಕಾಣುವವರನ್ನ, ಅಂದರೆ ವಕೀಲರು, ಸಂಪಾದಕರು, ಪದವೀಧರರನ್ನ ಒಟ್ಟುಗೂಡಿಸಿದ. ಅವರನ್ನ ನೋಡಿ ಕೆಳಗೆ ಏನೋ ಕುದಿಯುತ್ತಿದೆ ಅಂತ ಊಹಿಸಿದ. ನಾರು ಹೊಸೆಯುವವರು, ಉಪ್ಪಿಗೆ ಸುಂಕ ಕಟ್ಟಿದವರು ಆ 72ರಲ್ಲಿ ಇರಲಿಲ್ಲ.

1894ರಲ್ಲಿ ಅವನು ಭಾರತ ಬಿಟ್ಟ. ಲಂಡನ್ನಿನಲ್ಲಿ ಗಿಡಗಳ ಕಡೆ ತಿರುಗಿ 1910ರಲ್ಲಿ ಸಾಮಾನ್ಯರಿಗಾಗಿ ಒಂದು ಸಸ್ಯಶಾಸ್ತ್ರ ಸಂಸ್ಥೆ ಕಟ್ಟಿದ. 1912ರ ಜುಲೈ 31ರಂದು ತೀರಿಕೊಂಡ. ಉಪ್ಪಿನ ಬೇಲಿ ಬೆಳೆಸಿದವನು ಕೊನೆಗೆ ಜನ ಬಂದು ಒಣಗಿಡ ನೋಡಿ ಕಲಿಯುವ ಮನೆ ಮಾಡಿಟ್ಟು ಹೋದ.

ಅವನು ಸತ್ತ 18 ವರ್ಷಕ್ಕೆ, 1930ರಲ್ಲಿ, ಗಾಂಧೀಜಿ ಉಪ್ಪಿಗಾಗಿ ದಂಡಿಗೆ ನಡೆದರು. ಹ್ಯೂಮ್ ಒಮ್ಮೆ ಕಾವಲು ಕಾದ ಅದೇ ಉಪ್ಪು, ಹ್ಯೂಮ್ ಕಟ್ಟಿದ ಅದೇ ಕಾಂಗ್ರೆಸ್. ಆ ನಡಿಗೆಯಲ್ಲಿ ಕರ್ನಾಟಕದಿಂದ ಇದ್ದವರು ಮೈಲಾರ ಮಹಾದೇವಪ್ಪ. ನಮ್ಮ ಜಿಲ್ಲೆಯ ಮೋಟೆಬೆನ್ನೂರಿನವರು, ಆಗ ಇಪ್ಪತ್ತೂ ತುಂಬಿರದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅಂಕೋಲಾದಲ್ಲಿ ಅದೇ 1930ರಲ್ಲಿ ಸಾವಿರಾರು ಜನ ಉಪ್ಪು ಮಾಡಿದರು. 72 ಜನರ ಸಭೆಯನ್ನ ಆಂದೋಲನ ಮಾಡಿದ್ದು ಇವರು. ಒಂಟಿಯಾಗಿದ್ದಾಗ ತುತ್ತಾಗುತ್ತಿದ್ದವರು ಗುಂಪಾದರು. ಅದರ ಮುಂದೆ ಬೇಲಿಯ ಕಾವಲುಗಾರ ಯಾರನ್ನ ಅಂತ ಹಿಡಿಯಬೇಕು?

ಇನ್ನೂ ಒಂದು ಮಾತು ಉಳಿದಿದೆ. ಲಕ್ಷದ್ವೀಪದ ಮೀನುಗಾರರು ಟ್ಯೂನಾ ಹಿಡಿಯುವ ಕ್ರಮ ನೋಡಿದರೆ ದೊಡ್ಡ ಮೀನಿನ ಗುಟ್ಟು ಅವರಿಗೆ ಎಷ್ಟು ಗೊತ್ತು ಅನ್ನೋದು ತಿಳಿಯುತ್ತದೆ. ಮಿನಿಕಾಯ್‌ನಲ್ಲಿ ಬಹಳ ಹಿಂದಿನಿಂದ ಇದ್ದ ಪದ್ಧತಿ ಇದು, 1960ರ ದಶಕದ ನಂತರ ಬೇರೆ ದ್ವೀಪಗಳಿಗೂ ಹರಡಿತು. ಬೆಳಿಗ್ಗೆ ಹವಳದ ಒಳಗಿನ ತಿಳಿನೀರಿನಲ್ಲಿ ಬೆರಳುದ್ದದ ಮೀನುಗಳನ್ನ ಬಲೆಯಿಂದ ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಕಡಲಿಗೆ ಹೋಗಿ ಹಕ್ಕಿ ಹುಡುಕುತ್ತಾರೆ. ಹಕ್ಕಿಯ ಕೆಳಗೆ ಸಣ್ಣ ಮೀನು ಎರಚಿ, ನೀರು ಚಿಮುಕಿಸಿ, ಸಾವಿರಾರು ಮೀನು ಮೇಲೆದ್ದ ಹಾಗೆ ಆಟ ಕಟ್ಟುತ್ತಾರೆ. ಟ್ಯೂನಾ ಹುಚ್ಚೆದ್ದು ಮುಳ್ಳಿಲ್ಲದ ಬರೀ ಕೊಕ್ಕೆಗೂ ಬಾಯಿ ಹಾಕುತ್ತದೆ. ಕೋಲು ಎತ್ತಿದರೆ ಮೀನು ದೋಣಿಗೆ. ಎರೆ ಮುಗಿದರೆ ಟ್ಯೂನಾ ಕೆಳಗಿಳಿದು ಹೋಗುತ್ತದೆ.

ಆ ಬೆರಳುದ್ದದ ಮೀನು ಬದುಕೋದು ಹವಳದಿಂದ. 1998, 2010, 2016, 2024ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳುಚಿತು. ನಮ್ಮ ಕರಾವಳಿಯಲ್ಲಿ ಭೂತಾಯಿ, ಅಂದರೆ ತಾರ್ಲೆ, ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುತ್ತದೆ. ರಾತ್ರಿ ಪ್ರಖರ ಬೆಳಕು ಹಾಕಿ ಮೀನು ಸೆಳೆಯುವುದನ್ನ ಕೇಂದ್ರ 2017ರಲ್ಲಿ ನಿಷೇಧಿಸಿದರೂ ನಾಡದೋಣಿಯವರ ದೂರು ನಿಂತಿಲ್ಲ. ಸಣ್ಣ ಮೀನನ್ನ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಟ್ಯೂನಾ ಇಲ್ಲ, ರೀವ ಇಲ್ಲ, ಮೀನುಗಾರನೂ ಇಲ್ಲ. ತಿನ್ನುವವನ ಬದುಕು ತಿನ್ನಿಸಿಕೊಳ್ಳುವವನ ಕೈಯಲ್ಲಿದೆ.

ಶಿಗ್ಗಾವಿಯ ಚುನಾವಣೆ ಮುಗಿಯಿತು. ಅದರ ಮರುತಿಂಗಳೇ ಬೆಳಗಾವಿಯಲ್ಲಿ 1924ರ ಕಾಂಗ್ರೆಸ್ ಅಧಿವೇಶನದ ನೂರು ವರ್ಷ ಆಚರಿಸಿದರು. ಹ್ಯೂಮ್ ಹೆಸರು ಬಂದರೆ ಹೊಗಳಿಕೆಗೋ ಬೈಗುಳಕ್ಕೋ ಅಷ್ಟೇ ಬರುತ್ತದೆ. ನನಗೆ ಅವನು ಎರಡಕ್ಕೂ ಬೇಡ. ತೆರಿಗೆಯ ಬಾಯಲ್ಲಿ ಕೂತು, ಆ ಬಾಯಿ ಏನು ಮಾಡುತ್ತಿದೆ ಅಂತ ತಡವಾಗಿಯಾದರೂ ಕಂಡು, ಪೂರ್ತಿ ಕಾಣದೇ ಹೋದ ಒಬ್ಬ ಮನುಷ್ಯ ಅಂತ ನೆನಪಿಟ್ಟರೆ ಸಾಕು.

ಆ ಹಿರಿಯರು ಮತ್ತೆ ಸಿಕ್ಕರೆ ಜಗಳ ಮಾಡೋದಿಲ್ಲ. ಕಾಕಾ, ದೊಡ್ಡ ಮೀನು ಸಣ್ಣದನ್ನ ತಿನ್ನೋದು ಖರೇ, ಆದರ ಗುಂಪು ಒಡೀದ ಹೊರ್ತು ತಿನ್ನಾಕ ಆಗೂದಿಲ್ಲ ಅಂತ ಹೇಳ್ತೀನಿ. ನಮ್ಮ ನಾಲ್ಕು ತಾಲೂಕಿನಲ್ಲಿ ಈ ಸಲ ಗುಂಪು ಒಡೆದದ್ದು ಯಾರು, ಯಾವುದರ ಹೆಸರಲ್ಲಿ ಅಂತ ಅವರನ್ನೇ ಕೇಳ್ತೀನಿ. ಉತ್ತರ ಅವರಿಗೆ ಗೊತ್ತಿರುತ್ತದೆ. ಚಾ ದುಡ್ಡು ನಾನೇ ಕೊಡ್ತೀನಿ.